ಸಜ್ಜೆ ರೊಟ್ಟಿಯ ಋಣ

1896ರ ಮುಂಗಾರು ಮಧ್ಯ ಹಿಂದೂಸ್ಥಾನವನ್ನು ನಡುದಾರಿಯಲ್ಲಿ ಕೈಬಿಟ್ಟಿತು. ಮೊದಲ ಮಳೆಯನ್ನು ನಂಬಿ ಬಿತ್ತಿದವರು ಭಾದ್ರಪದ ಕಳೆದರೂ ಆಕಾಶ ನೋಡುತ್ತ ಕೂತರು. ಬುಂದೇಲಖಂಡದಲ್ಲಿ, ನರ್ಮದೆಯ ಆಚೀಚಿನ ಸೀಮೆಗಳಲ್ಲಿ ಪೈರು ಕಾಳು ಕಟ್ಟುವ ಮೊದಲೇ ಸೀದುಹೋಯಿತು. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದು ಹೇಳುವ ಹಾಗಿಲ್ಲ. ಮೂಟೆಗಳು ರೈಲಿನಲ್ಲಿ ಓಡಾಡುತ್ತಲೇ ಇದ್ದವು. ಕೊಳ್ಳಬೇಕಾದವನ ಸೊಂಟದಲ್ಲಿ ಕಾಸಿರಲಿಲ್ಲ, ಅಷ್ಟೆ. ಮೊದಲು ಎತ್ತು ಮಾರಿದರು, ಆಮೇಲೆ ಪಾತ್ರೆ ಮಾರಿದರು, ಬಾಗಿಲ ಚೌಕಟ್ಟನ್ನೂ ಕಿತ್ತು ಮಾರಿದರು. ಮಾರುವುದಕ್ಕೆ ಏನೂ ಉಳಿಯದೆ ಹೋದಾಗ ಗುಳೆ ಎದ್ದರು. ಗುಳೆ ಹೊರಟ ಸಂಸಾರದಲ್ಲಿ ಮೊದಲು ಬೀಳುವವರು ಮುದುಕರು. ಆಮೇಲೆ ತಾಯಂದಿರು, ಯಾಕೆಂದರೆ ಸಿಕ್ಕಿದ ತುತ್ತನ್ನು ಅವರು ತಾವು ತಿನ್ನುವುದಿಲ್ಲ. ಹೀಗೆ ದಾರಿಯ ಮೇಲೆ ಉಳಿದದ್ದು ಮಕ್ಕಳು.

ಆ ಚಳಿಗಾಲದಲ್ಲಿ ಪುಣೆಯಿಂದ ಒಬ್ಬ ಹೆಂಗಸು ಆ ಸೀಮೆಗೆ ಹೋದರು. ವಯಸ್ಸು ಮೂವತ್ತೆಂಟು. ಗಿಡ್ಡ ಆಳು, ಕತ್ತರಿಸಿದ ಗಿಡ್ಡ ಕೂದಲು, ಮೈಮೇಲೆ ಬಿಳಿ ಸೀರೆ, ಕಿವಿ ಮಂದ. ಸಂಸ್ಕೃತದಲ್ಲಿ ವಾದಕ್ಕೆ ಕೂತರೆ ಕಲ್ಕತ್ತೆಯ ಪಂಡಿತರು ತಲೆದೂಗಿದ ವಿದುಷಿ. ಇಂಗ್ಲೆಂಡು ಅಮೆರಿಕಗಳನ್ನು ಸುತ್ತಿ ಬಂದವರು. ಪುಣೆಯ ಅರ್ಧ ಊರು ಮೆಚ್ಚಿ, ಇನ್ನರ್ಧ ಊರು ಬೈಯುತ್ತಿದ್ದ ಪಂಡಿತಾ ರಮಾಬಾಯಿ. ಸರ್ಕಾರದ ಗಂಜಿಮನೆಗಳನ್ನು ಅವರು ಒಂದೊಂದಾಗಿ ನೋಡಿದರು. ಎಲುಬಿಗೆ ಚರ್ಮ ಅಂಟಿದ ಮಕ್ಕಳು, ನೊಣ ಕೂತರೂ ಓಡಿಸುವ ಶಕ್ತಿಯಿಲ್ಲದ ಮಕ್ಕಳು ಅಲ್ಲಿದ್ದರು. ಗಂಜಿಮನೆಯ ಸುತ್ತಮುತ್ತ ಇನ್ನೊಂದು ಜಾತಿಯ ಜನವೂ ಸುಳಿಯುತ್ತಿದ್ದರು. ದಿಕ್ಕಿಲ್ಲದ ಹುಡುಗಿಯರನ್ನು ಊಟದ ಆಸೆ ತೋರಿಸಿ ಕರೆದೊಯ್ದು ಮಾರುವ ದಲ್ಲಾಳಿಗಳು ಅವರು. ಗಂಜಿಮನೆಯನ್ನು ನೋಡಿಕೊಳ್ಳುವವರಲ್ಲೇ ಕೆಲವರು ಆ ವ್ಯಾಪಾರಕ್ಕೆ ಕಣ್ಣುಮುಚ್ಚಿದ್ದರು. ರಮಾಬಾಯಿ ಮುನ್ನೂರು ಹುಡುಗಿಯರನ್ನು ತರುವುದೆಂದು ಗೊತ್ತುಮಾಡಿಕೊಂಡರು. ಅಷ್ಟು ಜನಕ್ಕೆ ಅನ್ನ ಹಾಕುವ ಹಣ ಅವರ ಕೈಯಲ್ಲಿ ಇರಲಿಲ್ಲ.

ಈ ನಿರ್ಧಾರದ ಬೇರನ್ನು ಕೆಲವರು ಅವರ ಧರ್ಮದಲ್ಲಿ ಹುಡುಕಿದ್ದಾರೆ. 1883ರಲ್ಲಿ ಅವರು ಕ್ರೈಸ್ತರಾಗಿದ್ದರು, ಆ ನಂಬಿಕೆ ಗಾಢವಾಗುತ್ತಲೂ ಇತ್ತು. ಆದ್ದರಿಂದ ಅದು ತಪ್ಪು ಮಾತಲ್ಲ. ಆದರೆ ಬೇರು ಇನ್ನೂ ಆಳಕ್ಕೆ ಹೋಗುತ್ತದೆ, ಮತ್ತು ನಮ್ಮ ಕಡೆಗೇ ಬರುತ್ತದೆ.

ಕುದುರೆಮುಖದ ಕಾಡಿನೊಳಗೆ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದ ಚಿತ್ಪಾವನ ಮನೆತನದವರು. ಓದುವ ವಯಸ್ಸಿನಲ್ಲಿ ಅವರು ಪುಣೆಗೆ ಹೋಗಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಮನೆಯ ಹೆಂಗಸಿಗೆ ಸಂಸ್ಕೃತ ಪಾಠ ಹೇಳುವುದನ್ನು ಕಂಡರಂತೆ. ಹೆಂಗಸಿನ ಬಾಯಲ್ಲಿ ಶ್ಲೋಕ ಬರಬಹುದೆಂಬ ಆ ಬೆರಗು ಅವರನ್ನು ಬಿಡಲೇ ಇಲ್ಲ. ಊರಿಗೆ ಬಂದು ಮೊದಲ ಹೆಂಡತಿಗೆ ಪಾಠ ಶುರುಮಾಡಿದರೆ ಮನೆಯವರು ಬಿಡಲಿಲ್ಲ. ಆಕೆ ತೀರಿಹೋದ ಮೇಲೆ, ನಡುವಯಸ್ಸಿನಲ್ಲಿ, ಒಂಬತ್ತು ವರ್ಷದ ಲಕ್ಷ್ಮಿಯನ್ನು ಮದುವೆಯಾಗಿ ಅವಳಿಗೆ ಕಲಿಸಿದರು. ಒಂಬತ್ತರ ಹುಡುಗಿಗೂ ನಲವತ್ತು ದಾಟಿದ ಗಂಡಿಗೂ ಆದ ಮದುವೆಯ ವಿಷಯದಲ್ಲಿ ಆ ಸುಧಾರಕನಿಗೆ ಅನುಮಾನವೇನೂ ಬಂದಂತಿಲ್ಲ. ಕಾಲ ಒಬ್ಬ ಮನುಷ್ಯನನ್ನು ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ ಅವನು ಹೋಗುತ್ತಾನೆ. ಹೆಂಗಸಿಗೆ ದೇವಭಾಷೆ ಕಲಿಸಿದ ತಪ್ಪಿಗೆ ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಅವರು ಉತ್ತರ ಹೇಳಬೇಕಾಯಿತು. ಶಾಸ್ತ್ರಗಳಿಂದಲೇ ಆಧಾರ ತೆಗೆದು ತೋರಿಸಿ ಗೆದ್ದರು. ಗೆದ್ದರೂ ಊರಿನಲ್ಲಿ ಇರಲಾರದೆ ಕಾಡು ಸೇರಿದರು.

ಕಾಡಿನ ಆ ಆಶ್ರಮಕ್ಕೆ ವಿದ್ಯಾರ್ಥಿಗಳು ಬರುತ್ತಿದ್ದರು, ಯಾತ್ರಿಕರು ಬರುತ್ತಿದ್ದರು, ಬಂದವರಿಗೆಲ್ಲ ಊಟ. ಉಣಿಸಿ ಉಣಿಸಿ ಆಸ್ತಿ ಕರಗಿತು. ರಮೆಗೆ ಆರು ತಿಂಗಳಾಗಿದ್ದಾಗ ಸಂಸಾರ ಗಂಗಾಮೂಲ ಬಿಟ್ಟು ಯಾತ್ರೆ ಹೊರಟಿತು. ಬೆತ್ತದ ಪೆಟ್ಟಿಗೆಯೊಳಗೆ ಮಗುವನ್ನು ಮಲಗಿಸಿ, ಒಬ್ಬ ಆಳು ಅದನ್ನು ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಆಮೇಲೆ ಹದಿನಾರು ವರ್ಷ ಆ ಸಂಸಾರಕ್ಕೆ ನೆಲೆಯೆಂಬುದು ಇರಲಿಲ್ಲ. ದೇವಸ್ಥಾನದ ಜಗುಲಿಯಲ್ಲಿ, ನದಿಯ ಘಟ್ಟದಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಇಟ್ಟ ಅಕ್ಕಿ ಬೇಳೆಯಲ್ಲಿ ಹೊಟ್ಟೆ ಹೊರೆಯುವುದು. ಮಗಳಿಗೆ ತಾಯಿಯೇ ಪಾಠ ಹೇಳಿದಳು. ಮಗಳು ಭಾಗವತವನ್ನು ಬಾಯಿಪಾಠ ಮಾಡಿದಳು. ಅಲೆಯುವ ದಾರಿಯಲ್ಲಿ ಕನ್ನಡ ಬಂತು, ಹಿಂದುಸ್ತಾನಿ ಬಂತು, ಮುಂದೆ ಬಂಗಾಳಿಯೂ ಬಂತು.

1870ರ ದಶಕದ ನಡುವಿನಲ್ಲಿ ದಕ್ಷಿಣಕ್ಕೆ ಬರ ಬಡಿಯಿತು. ಪುರಾಣ ಕೇಳುವವರಿಗೇ ತಿನ್ನಲು ಇಲ್ಲದಾಗ ಹೇಳುವವರಿಗೆ ಯಾರು ಕೊಡಬೇಕು? ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಬಾಯಿ ಬರುವುದಿಲ್ಲ. ಪಾತ್ರೆಪಗಡಿ, ಇದ್ದ ಚೂರುಪಾರು ಒಡವೆ ಹೋದವು. ಕೊನೆಗೆ ಕಾಡು ಸೇರಿ ಎಲೆ ತಿಂದು ನೀರು ಕುಡಿದು ದಿನ ದೂಡಿದರು. ಕಣ್ಣು ಹೋಗಿದ್ದ ಮುದುಕ ತಂದೆ, ಕೆರೆಗೆ ಬಿದ್ದು ಪ್ರಾಣ ಬಿಡುವುದಾಗಿ ಹೇಳಿ ಎಲ್ಲರನ್ನೂ ಒಬ್ಬೊಬ್ಬರಾಗಿ ಅಪ್ಪಿ ಬೀಳ್ಕೊಂಡರು. ಮಗ ಶ್ರೀನಿವಾಸ, ಜಾತಿಯ ಮರ್ಯಾದೆ ಬಿಟ್ಟು ಕೂಲಿಗೆ ಹೋಗುತ್ತೇನೆಂದು ತಡೆದ. ಅಷ್ಟು ಹೊತ್ತಿಗೆ ತಡವಾಗಿತ್ತು. ತಂದೆ ತೀರಿದರು.

ತಾಯಿ ಜ್ವರದಲ್ಲಿ ಮಲಗಿದಳು. ಬಾಯಿಗೆ ಬಂದದ್ದು ಒಂದೇ ಮಾತು, ತಿನ್ನಲು ಬೇಕು. ಹದಿಹರೆಯದ ರಮೆ ಎದ್ದು ನೆರೆಯ ಬ್ರಾಹ್ಮಣರ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಭಾಗವತವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದ ಅದೇ ಬಾಯಿಗೆ ಮಾತು ಹೊರಡಲಿಲ್ಲ. ತುಟಿ ಕಚ್ಚಿಕೊಂಡು, ಮುಖ ತಗ್ಗಿಸಿ ನಿಂತಳು. ಮನೆಯೊಡತಿ ಏನೆಂದು ಕೇಳಿದಾಗ ಬಹಳ ಕಷ್ಟದಿಂದ, ಬಾಯಿಸಾಹೇಬ ಎಂದು ಕರೆದು, ಒಂದು ಚೂರು ಸಜ್ಜೆ ರೊಟ್ಟಿ ಕೇಳಿದಳು. ಆ ತಾಯಿ ಕೊಟ್ಟಳು. ಕೈಯೊಡ್ಡಿ ಇಸಿದುಕೊಂಡ ಆ ನಾಚಿಕೆ ರಮಾಬಾಯಿಗೆ ಮುಪ್ಪಿನವರೆಗೂ ಮರೆಯಲಿಲ್ಲ. ತಮ್ಮ ಬರಹದಲ್ಲಿ ಅದನ್ನು ಬಚ್ಚಿಡಲೂ ಇಲ್ಲ. ರೊಟ್ಟಿ ತಂದು ತಾಯಿಯ ಬಾಯಿಗಿಟ್ಟರೆ ತಾಯಿ ಅಗಿಯುವ ಸ್ಥಿತಿಯಲ್ಲಿ ಇರಲಿಲ್ಲ.

ತಾಯಿಯ ಹೆಣ ಹೊರಲು ಜನ ಬರಲಿಲ್ಲ. ಸ್ಮಶಾನ ಸುಮಾರು ಮೂರು ಮೈಲಿ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಹೆಗಲು ಕೊಟ್ಟರು. ಮಗನೂ ಮಗಳೂ ಉಳಿದೆರಡು ಕಡೆ ಹಿಡಿದರು. ರಮೆ ಗಿಡ್ಡ. ಹೆಗಲ ಮೇಲೆ ಇಟ್ಟುಕೊಂಡರೆ ಚಟ್ಟ ಓರೆಯಾಗುತ್ತಿತ್ತು. ಆದ್ದರಿಂದ ತನ್ನ ಪಾಲಿನ ಭಾರವನ್ನು ಅವಳು ತಲೆಯ ಮೇಲೆ ಹೊತ್ತು ನಡೆದಳು. ಕೆಲಕಾಲದಲ್ಲಿ ರಮೆಯ ಅಕ್ಕನೂ ಹೋದಳು. ಅಣ್ಣತಂಗಿ ಇಬ್ಬರೇ, ಬಹುಪಾಲು ಕಾಲ್ನಡಿಗೆಯಲ್ಲಿ, ಪಂಜಾಬು ಕಾಶ್ಮೀರಗಳವರೆಗೂ ಅಲೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು.

ಅಲ್ಲಿಂದ ಮುಂದಿನದು ಬಹಳ ಜನರಿಗೆ ಗೊತ್ತಿರುವ ಕಥೆ, ಬೇಗ ದಾಟಬಹುದು. ಪಂಡಿತರ ಸಭೆ ಅವಳಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟಿತು. 1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಬ್ರಾಹ್ಮ ಸಮಾಜದ ವಕೀಲ ವಿಪಿನ್ ಬಿಹಾರಿ ದಾಸರೊಡನೆ, ಜಾತಿ ಮೀರಿದ ಮದುವೆ. 1881ರಲ್ಲಿ ಮಗಳು ಮನೋರಮೆ. 1882ರಲ್ಲಿ ಗಂಡ ಕಾಲರಾಕ್ಕೆ ತುತ್ತಾದ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದ್ದು, ವೈದ್ಯ ಓದಲೆಂದು ಇಂಗ್ಲೆಂಡಿಗೆ ಹೋಗಿ ಕಿವಿ ಮಂದವೆಂದು ಆ ಆಸೆ ಬಿಟ್ಟದ್ದು, ವಾಂಟೇಜಿನ ಮಠದಲ್ಲಿ ದೀಕ್ಷಾಸ್ನಾನ ಪಡೆದದ್ದು, ಆನಂದಿಬಾಯಿ ಜೋಶಿಯವರ ಪದವಿ ಸಮಾರಂಭಕ್ಕೆಂದು 1886ರಲ್ಲಿ ಅಮೆರಿಕಕ್ಕೆ ಹೋಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಊರೂರು ಭಾಷಣ ಮಾಡಿದ್ದು, ಇವೆಲ್ಲ ಆಗಿಹೋದವು. ಒಂದು ಸಂಗತಿ ಮಾತ್ರ ಇಲ್ಲಿ ಹೇಳಬೇಕು. ವಾಂಟೇಜಿನ ಸನ್ಯಾಸಿನಿಯರು ಶಿಲುಬೆ ಕೊಟ್ಟಾಗ ಅದರ ಮೇಲಿನ ಬರಹ ಲ್ಯಾಟಿನ್ನಿನಲ್ಲಿ ಯಾಕಿರಬೇಕು, ಸಂಸ್ಕೃತದಲ್ಲಿ ಯಾಕಿರಬಾರದು ಎಂದು ಈಕೆ ಜಗಳ ತೆಗೆದಿದ್ದರು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಧರ್ಮ ಬದಲಾದರೂ ಯಾರ ಮಾತಿಗೂ ಸುಮ್ಮನೆ ತಲೆಯಾಡಿಸದ ಅನಂತಶಾಸ್ತ್ರಿಯ ಹಟ ಬದಲಾಗಿರಲಿಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂತು. ಬಾಲವಿಧವೆಯರ ಶಾಲೆ, ಧರ್ಮಬೋಧೆ ಇಲ್ಲವೆಂಬ ಕರಾರು. ಬಾಗಿಲು ತೆರೆದು ರಮಾಬಾಯಿ ತಮ್ಮ ಪ್ರಾರ್ಥನೆ ಮಾಡುತ್ತಿದ್ದರು, ಹುಡುಗಿಯರು ಬಂದು ಕೂರತೊಡಗಿದರು. ಬರಬೇಡಿ ಎನ್ನಲಾರೆ ಎಂಬುದು ಅವರ ವಾದ. ಕರಾರು ಮುರಿದಂತಾಯಿತು ಎಂಬುದು ಟಿಳಕರ ‘ಕೇಸರಿ’ಯ ವಾದ. 1893ರಲ್ಲಿ ರಾನಡೆ, ಭಾಂಡಾರ್ಕರರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ನನ್ನ ಮಟ್ಟಿಗೆ ಆ ಜಗಳದಲ್ಲಿ ‘ಕೇಸರಿ’ಯ ಕಡೆ ಸ್ವಲ್ಪ ನ್ಯಾಯವಿತ್ತು. ಎಲ್ಲರೂ ತಾಯಿಯೆಂದು ನೋಡುವ ಹೆಂಗಸು ತೆರೆದ ಬಾಗಿಲಲ್ಲಿ ಕಣ್ಣುಮುಚ್ಚಿ ಕೂತರೆ, ಹತ್ತು ವರ್ಷದ ಹುಡುಗಿಗೆ ಅದು ಕರೆಯೇ. ಆದರೆ ಅದೇ ಸದನದಿಂದ ಹೊರಬಂದ ಗೋದೂಬಾಯಿ ಎಂಬ ವಿಧವೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆಯಾದಳು, ಹಿಂದುವಾಗಿಯೇ ಉಳಿದಳು ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಅಮೆರಿಕದ ಗೆಳೆಯರು ಕೊಟ್ಟ ಭರವಸೆ ಹತ್ತು ವರ್ಷದ್ದು. ಅದು ಮುಗಿದ ಮೇಲೆ ಏನು ಗತಿ ಎಂದು ಯೋಚಿಸಿ ರಮಾಬಾಯಿ ಬರಕ್ಕೆ ಮೊದಲೇ ಒಂದು ಕೆಲಸ ಮಾಡಿದ್ದರು. ಪುಣೆಯಿಂದ ದೌಂಡಿನ ಕಡೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ ಎಂಬ ಹಳ್ಳಿ. ಅಲ್ಲಿ ಸುಮಾರು ನೂರು ಎಕರೆ ಜಮೀನು ಕೊಂಡಿದ್ದರು. ಹಣ್ಣಿನ ತೋಟ ಬೆಳೆಸಿ, ಅದರ ವರಮಾನದಲ್ಲಿ ಶಾಲೆ ನಡೆಸುವ ಲೆಕ್ಕ. ಸಹ್ಯಾದ್ರಿ ತಡೆದ ಮಳೆಯ ನೆರಳಿನ ಬಯಲು ಅದು. ಬಾವಿ ತೋಡಿದರೆ ಮಾತ್ರ ಹಸಿರು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ಮಧ್ಯಪ್ರಾಂತದಿಂದ ತಂದ ಹುಡುಗಿಯರ ತಂಡ ತಂಡಗಳು ಆ ಹೊತ್ತಿಗೆ ಬಂದು ಇಳಿಯುತ್ತಿದ್ದವು. ಒಂದೇ ಕಟ್ಟಡದಲ್ಲಿ ಅಷ್ಟು ಜನ ಇರಕೂಡದೆಂದು ಊರಿನ ಅಧಿಕಾರಿಗಳು ಹೇಳಿದರು. ತೋಟದ ಹೊರತು ಬೇರೆ ಜಾಗ ಇರಲಿಲ್ಲ. ಕೇಡಗಾಂವದ ಬಯಲಿನಲ್ಲಿ ಡೇರೆ ಹೊಡೆದು, ಹುಲ್ಲಿನ ಚಪ್ಪರ ಹಾಕಿ ಮಕ್ಕಳನ್ನು ಇಳಿಸಿದರು. ಆ ವಸತಿಗೆ ಇಟ್ಟ ಹೆಸರು ಮುಕ್ತಿ. ತೋಟಕ್ಕೆ ಗೊತ್ತಿದ್ದ ಹಳ್ಳಿ ಹೀಗೆ ಪ್ಲೇಗಿನ ದೆಸೆಯಿಂದ ಮಕ್ಕಳ ಊರಾಯಿತು.

ಬಂದ ಮಕ್ಕಳು ಎಂಥವರು? ಮಿಷನ್ನಿನ ವರದಿಗಳನ್ನು ಓದಿ ಕೈಮುಗಿದು ಸಾಲಾಗಿ ಕೂತ ಬಾಲೆಯರನ್ನು ಕಲ್ಪಿಸಿಕೊಂಡರೆ ಮೋಸ ಹೋಗುತ್ತೇವೆ. ತಿಂಗಳುಗಟ್ಟಲೆ ಹಸಿದ ಮಗು ಮೊದಲು ಕಳೆದುಕೊಳ್ಳುವುದು ನಂಬಿಕೆಯನ್ನು. ಮೈತುಂಬ ಹುಣ್ಣು, ತಲೆತುಂಬ ಹೇನು. ಮೈಮೇಲಿನ ಚಿಂದಿಯನ್ನು ತೆಗೆಯಲು ಹೋದರೆ ಕಚ್ಚುತ್ತಿದ್ದರು. ತಟ್ಟೆ ಕಂಡರೆ ಎರಗುತ್ತಿದ್ದರು. ಒಬ್ಬಳ ಪಾಲನ್ನು ಇನ್ನೊಬ್ಬಳು ಕಿತ್ತುಕೊಳ್ಳುವುದು, ಕೊಟ್ಟದ್ದನ್ನೆಲ್ಲ ಒಮ್ಮೆಗೇ ನುಂಗಿ ಹೊಟ್ಟೆ ಹಿಡಿದುಕೊಂಡು ಹೊರಳುವುದು ನಡೆದೇ ಇತ್ತು. ಬಹಳ ದಿನ ಬಡಕಲಾದ ಹೊಟ್ಟೆಗೆ ಒಮ್ಮೆಗೇ ತುಂಬಿಸಿದರೆ ಅನ್ನವೇ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಅಳುವ ಮಗುವಿಗೆ ಇಷ್ಟಿಷ್ಟೇ ಕೊಡುವ ಕಟುಕತನವನ್ನೂ ಕಲಿಯಬೇಕು. ಸುಳ್ಳು, ಕಳ್ಳತನ, ಬೈಗುಳ ಅವರಿಗೆ ದಾರಿ ಕಲಿಸಿದ ವಿದ್ಯೆಗಳು. ಬದುಕಿ ಉಳಿದದ್ದೇ ಅವುಗಳಿಂದ. ಬೇರೆಯವರು ಅದನ್ನು ದುರ್ಗುಣವೆಂದು ಕರೆದಾರು. ಒಮ್ಮೆ ಬಾಗಿಲಲ್ಲಿ ನಿಂತು ರೊಟ್ಟಿ ಬೇಡಿದವರಿಗೆ ಅದರ ಅರ್ಥ ಗೊತ್ತಿತ್ತು. ಎಲ್ಲರೂ ಉಳಿಯಲಿಲ್ಲ. ತೀರ ತಡವಾಗಿ ಸಿಕ್ಕಿದ ಎಷ್ಟೋ ಮಕ್ಕಳನ್ನು ಅದೇ ಬಯಲಿನಲ್ಲಿ ಮಣ್ಣು ಮಾಡಬೇಕಾಯಿತು.

ಇದರ ಮೇಲೆ ಗಾಳಿಮಾತು. ಬಾಯಿ ಇವರನ್ನು ಯಾಕೆ ಸಾಕುತ್ತಿದ್ದಾಳೆ ಗೊತ್ತೆ? ಚೆನ್ನಾಗಿ ತಿನ್ನಿಸಿ ಕೊಬ್ಬಿಸಿ, ಆಮೇಲೆ ತಲೆಕೆಳಗಾಗಿ ನೇತುಹಾಕಿ ಕೆಳಗೆ ಬೆಂಕಿ ಹಾಕುತ್ತಾರೆ, ತೊಟ್ಟಿಕ್ಕುವ ಎಣ್ಣೆಯನ್ನು ಔಷಧಕ್ಕೆ ಮಾರುತ್ತಾರೆ ಎಂದು ಯಾರೋ ಮಕ್ಕಳ ಕಿವಿಯಲ್ಲಿ ಊದಿದ್ದರು. ಉತ್ತರ ಹಿಂದೂಸ್ಥಾನದಲ್ಲಿ ಇದಕ್ಕೆ ಮೊಮಿಯಾಯಿ ಎಂಬ ಹೆಸರೇ ಇದೆ. ನಮ್ಮ ಕಡೆ ಸೇತುವೆ ಕಟ್ಟುವಾಗ ಮಕ್ಕಳನ್ನು ಬಲಿ ಕೊಡುತ್ತಾರೆಂದು ಹೆದರಿಸುತ್ತಿದ್ದರಲ್ಲ, ಅದರ ಅಕ್ಕತಂಗಿಯ ಮಾತು. ಮಕ್ಕಳ ಬುದ್ಧಿಗೆ ಅದು ಸರಿಯಾಗಿಯೇ ಹೊಂದುತ್ತಿತ್ತು. ಹೆತ್ತ ತಾಯಿಗೇ ಕೊಡಲಾಗದ ಊಟವನ್ನು ಯಾರೋ ಪರದೇಶಿ ಹೆಂಗಸು ಪುಕ್ಕಟೆ ಯಾಕೆ ಕೊಟ್ಟಾಳು? ರೊಟ್ಟಿ ದೊಡ್ಡದಾದಷ್ಟೂ ಹೆದರಿಕೆ ದೊಡ್ಡದಾಗುತ್ತಿತ್ತು. ಕೆಲವರು ರಾತ್ರಿ ಎದ್ದು ಓಡಿದರು. ಆ ಭಯಕ್ಕೆ ಮದ್ದು ಕಾಲವೇ. ಇವತ್ತು ಕೊಟ್ಟ ಊಟವನ್ನು ನಾಳೆ ಅದೇ ಹೊತ್ತಿಗೆ ಕೊಡಬೇಕು, ನಾಡಿದ್ದೂ ಕೊಡಬೇಕು. ಎಷ್ಟೋ ದಿನ ಕಳೆದು ಯಾರನ್ನೂ ನೇತುಹಾಕದ ಮೇಲೆ ಹುಡುಗಿಯರು ಜಡೆ ಹಾಕಿಸಿಕೊಳ್ಳಲು ತಲೆ ಕೊಟ್ಟರು.

ಸರ್ಕಾರದ ಜೊತೆಗೂ ಸುಖವಿರಲಿಲ್ಲ. ಮಿಷನ್ನಿನವರೆಂದರೆ ಬಿಳಿಯರ ಸರ್ಕಾರದ ಕೈಗೊಂಬೆಗಳೆಂದು ತಿಳಿದವರು ಇದನ್ನು ಗಮನಿಸಬೇಕು. ತಮ್ಮ ಮನೆಯ ಒಬ್ಬ ಹುಡುಗಿಯನ್ನು ಪ್ಲೇಗ್ ಆಸ್ಪತ್ರೆಗೆ ಒಯ್ದರು, ಅವಳು ಮತ್ತೆ ಸಿಗಲಿಲ್ಲ, ಅಲ್ಲಿಯ ವ್ಯವಸ್ಥೆ ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲ ಎಂದು ರಮಾಬಾಯಿ 1897ರಲ್ಲಿ ಮುಂಬಯಿಯ ಕ್ರೈಸ್ತ ಪತ್ರಿಕೆಯೊಂದಕ್ಕೇ ಕಾಗದ ಬರೆದರು. ಮಾತು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು, ಸರ್ಕಾರ ಅಲ್ಲಗಳೆಯಿತು. ಈಕೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ವರ್ಷದ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು ಎಂಬುದನ್ನು ನೆನೆದರೆ ಪುಣೆಯ ಗಾಳಿ ಆಗ ಎಷ್ಟು ಬಿಸಿಯಾಗಿತ್ತೆಂದು ತಿಳಿಯುತ್ತದೆ.

ಮೊದಲ ಬರದ ಮಕ್ಕಳು ಇನ್ನೂ ಸುಧಾರಿಸಿಕೊಳ್ಳುತ್ತಿರುವಾಗಲೇ ಎರಡನೆಯದು ಬಂತು. 1899ರ ಮಳೆ ಗುಜರಾತು, ರಾಜಪುತಾನಗಳನ್ನು ಪೂರ್ತಿ ಮರೆಯಿತು. ವಿಕ್ರಮ ಸಂವತ್ 1956ರ ಆ ವರ್ಷಕ್ಕೆ ಆ ಕಡೆಯ ಜನ ಇಂದಿಗೂ ಛಪ್ಪನಿಯೋ ಕಾಳ, ಐವತ್ತಾರರ ಬರ, ಎನ್ನುತ್ತಾರೆ. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಎಣಿಸುತ್ತಿದ್ದಂತೆ. ಈ ಸಾರಿ ರಮಾಬಾಯಿ ತಾವು ಒಬ್ಬರೇ ಹೋಗಲಿಲ್ಲ. ಮೊದಲ ಬರದಲ್ಲಿ ಬದುಕಿ ಬಂದು ದೊಡ್ಡವರಾದ ಹುಡುಗಿಯರೇ, ಹಿರಿಯ ಹೆಂಗಸರ ಜೊತೆ ಹೋಗಿ ಎರಡನೆಯ ಬರದ ಮಕ್ಕಳಿಗೆ ಆಸರೆಯಾದರು. ಗುಜರಾತಿನ ಊರುಗಳಲ್ಲಿ ಅವರಿಗೆ ಬೈಗುಳ ಸಿಕ್ಕಿತು, ಬೆದರಿಕೆ ಸಿಕ್ಕಿತು. ಎಣ್ಣೆ ತೆಗೆಯುವ ಕಥೆ ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. 1900ರ ಹೊತ್ತಿಗೆ ಮುಕ್ತಿಯಲ್ಲಿ ಉಣ್ಣುವ ಬಾಯಿಗಳು ಸುಮಾರು 1,900.

ಒಂದು ಸಣ್ಣ ಹಳ್ಳಿಯ ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಊರು ಎದ್ದು ನಿಂತಂತಾಯಿತು. ಆ ಊರಿನ ಗಡಿಯಾರ ಬೀಸುವ ಕಲ್ಲು. ನಸುಕಿನಲ್ಲಿ ಹುಡುಗಿಯರು ಇಬ್ಬಿಬ್ಬರು ಎದುರುಬದುರು ಕೂತು ಗೂಟ ಹಿಡಿದರೆ, ಸಾವಿರಾರು ಬಾಯಿಗೆ ಬೇಕಾದ ಹಿಟ್ಟು ಹೊತ್ತೇರುವಷ್ಟರಲ್ಲಿ ಬೀಳಬೇಕು. ಬಾವಿಯಿಂದ ನೀರು ಸೇದುವ ಎತ್ತುಗಳು, ಅಡುಗೆಮನೆಯ ಹಂಡೆಗಳು, ಕಟ್ಟಿಗೆ ಒಡೆಯುವ ಸದ್ದು. ಆಮೇಲೆ ಪಾಠ. ದೊಡ್ಡ ಪ್ರಾರ್ಥನಾಮಂದಿರವೊಂದನ್ನು ಶಿಲುಬೆಯ ಆಕಾರದಲ್ಲಿ ಕಟ್ಟಿದ್ದರು. ವಾರದ ದಿನಗಳಲ್ಲಿ ಅದೇ ಶಾಲೆ, ನೆಲದ ಮೇಲೆ ಗುಂಪು ಗುಂಪಾಗಿ ತರಗತಿಗಳು. ಮಧ್ಯಾಹ್ನ ಕೈಕೆಲಸ. ಮಗ್ಗ, ಹೊಲಿಗೆ, ಎಣ್ಣೆಯ ಗಾಣ, ಹೈನು, ತೋಟ, ಬಟ್ಟೆ ಒಗೆಯುವುದು, ಅಚ್ಚುಕೂಟ. ಎಣ್ಣೆಯ ಗಾಣ ಎಂದಾಗ ಹಳೆಯ ಗಾಳಿಮಾತು ನೆನೆದು ಅಲ್ಲಿಯ ಹಿರಿಯ ಹುಡುಗಿಯರು ನಕ್ಕಿರಲಿಕ್ಕೂ ಸಾಕು. ಕುರುಡು ಹುಡುಗಿಯರಿಗೆ ಬೇರೆ ಮನೆಯಿತ್ತು. ಅಮೆರಿಕದಲ್ಲಿ ಓದಿ ಬಂದ ಮನೋರಮೆ ಅವರಿಗೆ ಬ್ರೈಲ್ ಕಲಿಸಿದಳು. ಬೆತ್ತ ಹೆಣೆಯುವುದನ್ನು, ನೇಯುವುದನ್ನು ಅವರು ಬೆರಳಿನಿಂದಲೇ ಕಲಿತರು. ದಲ್ಲಾಳಿಗಳ ಕೈಗೆ ಸಿಕ್ಕಿ ಕೆಟ್ಟವರೆನಿಸಿಕೊಂಡು ಬಂದವರಿಗೆ ಕೃಪಾ ಸದನ. ಗಂಡುಹುಡುಗರಿಗೆ, ಮುದುಕಿಯರಿಗೆ ಬೇರೆ ಬೇರೆ ಬಿಡಾರಗಳು. ಮಿನಿ ಏಬ್ರಮ್ಸ್ ಎಂಬ ಅಮೆರಿಕದ ಹೆಂಗಸು 1898ರಿಂದ ಜೊತೆಗೆ ನಿಂತರು. ಉಳಿದಂತೆ ಆ ಊರನ್ನು ನಡೆಸಿದವರು ಬಹುಪಾಲು ಈ ನೆಲದ ವಿಧವೆಯರೇ, ಊರು ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದವರು.

ಕೈಕೆಲಸದ ಈ ವಿಚಾರ ಕರಾವಳಿಯವರಿಗೆ ಹೊಸದೆನಿಸದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮತಾಂತರವಾಗಿ ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದವರಿಗೆಂದು ಮಗ್ಗ ಹೂಡಿದ್ದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದಿದ್ದರು. ಅಲ್ಲಿಯದು ಜರ್ಮನ್ ಶಿಸ್ತಿನ ಲೆಕ್ಕಾಚಾರ, ವ್ಯಾಪಾರದ ಪುಸ್ತಕ, ಆಫ್ರಿಕಾದವರೆಗೂ ಸಾಗುವ ಹೆಂಚು ಎಂದು ಬೆಳೆಯಿತು. ಕೇಡಗಾಂವದ್ದು ವ್ಯಾಪಾರವಾಗಲಿಲ್ಲ. ಹಿತ್ತಲಿನ ಅಡುಗೆಮನೆ ಹಿಗ್ಗಿ ಊರಾದ ಹಾಗೆ ಇತ್ತು. ಹಣ ಬಂದರೆ ದೇವರು ಕೊಟ್ಟ ಎನ್ನುವುದು, ಬಾರದಿದ್ದರೆ ಪ್ರಾರ್ಥನೆಗೆ ಕೂರುವುದು. ಕಾಯಿದೆಯ ಕಣ್ಣಿನಿಂದ ನೋಡಿದರೆ ಇದು ಹುಚ್ಚು ಆಡಳಿತ. ಆದರೂ ಒಲೆ ಆರಲಿಲ್ಲ.

ಮರಾಠಿ ಕ್ರೈಸ್ತರು ದಿನದ ಊಟ ಬೇಡುವ ಪ್ರಾರ್ಥನೆಯಲ್ಲಿ ಅನ್ನ ಎನ್ನುವುದಿಲ್ಲ, ಭಾಕರ ಎನ್ನುತ್ತಾರೆ. ಜೋಳದ್ದೋ ಸಜ್ಜೆಯದೋ ರೊಟ್ಟಿ. ಬರದಿಂದ ಬಂದ ಮಗುವಿಗೆ ಆ ಪ್ರಾರ್ಥನೆಯಲ್ಲಿ ಬೇರೇನೂ ಅರ್ಥವಾಗದಿದ್ದರೂ ಆ ಒಂದು ಪದ ಅರ್ಥವಾಗುತ್ತಿತ್ತು. ಈ ಜಾಗದಲ್ಲೇ ಮುಕ್ತಿಯ ಬಗ್ಗೆ ಕೇಳಬೇಕಾದ ಪ್ರಶ್ನೆಯೂ ಇದೆ. ಶಾರದಾ ಸದನದ ಕರಾರು ಇಲ್ಲಿ ಇರಲೇ ಇಲ್ಲ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಮನೆ. ಬಂದ ಮಕ್ಕಳು ಬಹುಪಾಲು ಆ ಧರ್ಮದಲ್ಲೇ ಬೆಳೆದರು. ತುತ್ತು ಕೊಟ್ಟ ಕೈ ಯಾವ ದೇವರನ್ನು ತೋರಿಸಿದರೂ ಮಗುವಿಗೆ ಅದೇ ದೇವರು. ಅದನ್ನು ಆಯ್ಕೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಅಂದಿನವರಿಗೂ ಈ ಕಸಿವಿಸಿ ಇತ್ತು. ಲಾಲಾ ಲಜಪತ ರಾಯರು ಇದೇ ಎರಡು ಬರಗಳಲ್ಲಿ ಓಡಾಡಿ, ಅನಾಥರು ಮಿಷನ್ನಿನ ಪಾಲಾಗದಿರಲೆಂದು ಆರ್ಯಸಮಾಜದ ಕಡೆಯಿಂದ ಮಕ್ಕಳನ್ನು ಪಂಜಾಬಿನ ಅನಾಥಾಲಯಗಳಿಗೆ ಕರೆದೊಯ್ದರು. ಅದು ಟೀಕೆಗಿಂತ ಒಳ್ಳೆಯ ಉತ್ತರ. ಟೀಕೆ ಬರೆದವರು ಬಹಳ ಜನ. ತಮ್ಮ ಮನೆಯ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚು ಹಾಕಿದವರು ಅಷ್ಟಿಲ್ಲ. ಇನ್ನೊಂದು ಮಾತು. ಮುಕ್ತಿಯಲ್ಲಿ ಬೆಳೆದ ಹುಡುಗಿಗೆ ಓದು ಬಂತು, ಕಸುಬು ಬಂತು, ಬಾಲ್ಯದಲ್ಲಿ ಮದುವೆಯಾಗಲಿಲ್ಲ. ಗುಜರಾತಿನ ಹಳ್ಳಿಯಲ್ಲಿ ಮಳೆ ಸರಿಯಾಗಿ ಬಂದಿದ್ದರೆ ಅವಳಿಗೆ ಈ ಮೂರೂ ಸಿಗುತ್ತಿರಲಿಲ್ಲ.

1905ರಲ್ಲಿ ಮುಕ್ತಿಯಲ್ಲಿ ಭಕ್ತಿಯ ಒಂದು ಪ್ರವಾಹ ಎದ್ದಿತು; ನೂರಾರು ಹುಡುಗಿಯರು ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥಿಸಿ ಅತ್ತರು, ಜಗತ್ತಿನ ಕ್ರೈಸ್ತ ಪತ್ರಿಕೆಗಳು ಅದನ್ನು ಬರೆದವು. ಅದರ ವಿವರ ಅದನ್ನು ಬಲ್ಲವರಿಗೆ ಬಿಡುತ್ತೇನೆ. ಆ ಗದ್ದಲದ ನಡುವೆ ರಮಾಬಾಯಿ ಮಾತ್ರ ತಮ್ಮ ಕೋಣೆಯಲ್ಲಿ ಕೂತು ಹೀಬ್ರೂ ಕಲಿಯತೊಡಗಿದ್ದರು. ಇದ್ದ ಮರಾಠಿ ಬೈಬಲ್ಲು ಪಂಡಿತರ ಮರಾಠಿ, ಸಂಸ್ಕೃತದ ಭಾರಕ್ಕೆ ಬಗ್ಗಿದ್ದು. ಬೀಸುವ ಕಲ್ಲಿನ ಮುಂದೆ ಕೂತ ಹುಡುಗಿಗೆ ತಿಳಿಯುವುದಿಲ್ಲ ಎಂಬುದು ಅವರ ದೂರು. ಸಂಸ್ಕೃತದಲ್ಲಿ ಬಿರುದು ಪಡೆದವರು ಸಂಸ್ಕೃತವನ್ನು ಸೋಸಿ ತೆಗೆಯಲು ಕೂತರು. ಮೂಲ ಹೀಬ್ರೂ, ಗ್ರೀಕುಗಳಿಂದ ನೇರವಾಗಿ ಆಡುಮರಾಠಿಗೆ ತರುವ ಆ ಕೆಲಸ ಹದಿನೈದು ವರ್ಷಕ್ಕೂ ಮೀರಿ ನಡೆಯಿತು. ಮೊಳೆ ಜೋಡಿಸಿದವರು, ಮಸಿ ಬಳಿದವರು, ಹಾಳೆ ಮಡಿಸಿ ಹೊಲಿದವರು ಮುಕ್ತಿಯ ಹೆಣ್ಣುಮಕ್ಕಳೇ.

ಮನೋರಮೆಗೆ ಬೇರೆ ದಾರಿಯೂ ಕಂಡಿತ್ತು. 1912ರ ಸುಮಾರಿಗೆ ನಿಜಾಮರ ಸೀಮೆಯ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಅವಳು ಶಾಲೆ ತೆರೆದಳು. ತಾಯಿ ಬೆಂಬಲವಾಗಿ ನಿಂತರು. ಬೆತ್ತದ ಪೆಟ್ಟಿಗೆಯಲ್ಲಿ ಕನ್ನಡ ನಾಡಿನ ಘಟ್ಟ ಇಳಿದು ಹೋದ ಮಗುವಿನ ಮಗಳು ಇನ್ನೊಂದು ತುದಿಯಿಂದ ಕನ್ನಡ ನಾಡಿಗೆ ಬಂದಳು. ಸಜ್ಜೆ, ಜೋಳದ ಸೀಮೆ ಅದು.

1919ರಲ್ಲಿ ಸರ್ಕಾರ ರಮಾಬಾಯಿಗೆ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮನೋರಮೆ, ಇನ್ನೂ ನಲವತ್ತರಲ್ಲಿ, ಮಿರಜಿನ ಆಸ್ಪತ್ರೆಯಲ್ಲಿ ತೀರಿಹೋದಳು. ಮುಕ್ತಿಯನ್ನು ಅವಳ ಕೈಗೆ ಕೊಟ್ಟು ಹೋಗುವ ತಾಯಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಕಿವಿ ಆಗ ಬಹುತೇಕ ಹೋ­ಗಿತ್ತು. ನೂರಾರು ಮಕ್ಕಳ ಗಲಾಟೆಯ ನಡುವೆ ಮೌನದೊಳಗೆ ಕೂತು ರಮಾಬಾಯಿ ಅನುವಾದದ ಕೊನೆಯ ಕರಡು ತಿದ್ದಿದರು. 1922ರ ಏಪ್ರಿಲ್ 5ರಂದು ನಿದ್ದೆಯಲ್ಲಿ ತೀರಿಕೊಂಡಾಗ ತಿದ್ದುವ ಕೆಲಸ ಮುಗಿದಿತ್ತು, ಅಚ್ಚಿನ ಕೆಲಸ ಉಳಿದಿತ್ತು. ಅಚ್ಚುಕೂಟದ ಹೆಂಗಸರು ಯಾರನ್ನೂ ಕಾಯಲಿಲ್ಲ. ನಸುಕಿನಲ್ಲಿ ಹಿಟ್ಟು ಬೀಸಿ, ರೊಟ್ಟಿ ತಟ್ಟಿ, ಕೈ ತೊಳೆದುಕೊಂಡು ಬಂದು ಮೊಳೆಗಳ ಮುಂದೆ ನಿಲ್ಲುತ್ತಿದ್ದರು. 1924ರಲ್ಲಿ ಪುಸ್ತಕ ಹೊರಬಂತು.